ಹಿಂದಿನ ದೀಪ ಯಾರದು?

ಕಳೆದ ಮಳೆಗಾಲದ ಒಂದು ಸಂಜೆ ನಾವು ಕಾರವಾರದಿಂದ ಅಂಕೋಲೆಯ ಕಡೆಗೆ ಪ್ರಯಾಣ ಮಾಡುತ್ತಿದ್ದೆವು. ಸೂರ್ಯಾಸ್ತಕ್ಕೆ ಇನ್ನೂ ಹೊತ್ತಿದ್ದರೂ ಆಕಾಶ ಕಪ್ಪಿಟ್ಟಿದ್ದಿತು. ಕಡಲ ಕಡೆಯಿಂದ ಬೀಸುವ ಗಾಳಿಯೊಡನೆ ಮಳೆಯು ಅಡ್ಡಡ್ಡವಾಗಿ ಬಡಿಯುತ್ತಿದ್ದಿತು. ಅವರ್ಸಾ ಸಮೀಪಿಸುತ್ತಿದ್ದಂತೆ, ಬರಿಯ ರಸ್ತೆಯೆಂದು ನಾವು ತಿಳಿದಿದ್ದ ಎಡೆಯಲ್ಲಿ ಒಂದು ಕಾರು ಇದ್ದುದು ಥಟ್ಟನೆ ಕಣ್ಣಿಗೆ ಬಿದ್ದಿತು. ನಮ್ಮ ಗಾಡಿಯ ಚಾಲಕರು ಒತ್ತಿದ ಬ್ರೇಕು ಒದ್ದೆಯಾದ ರಸ್ತೆಯಲ್ಲಿ ಹೇಗೋ ಹಿಡಿಯಿತು. ಎರಡು ಮಾರಿನ ಅಂತರದಲ್ಲಿ ಉಳಿದುಕೊಂಡೆವು. ಮುಂದಿನ ಕಾರಿನ ದೀಪಗಳು ಕೆಟ್ಟಿರಲಿಲ್ಲ. ಅವು ಉರಿಯುತ್ತಲೇ ಇದ್ದುವು. ಆದರೆ ಅವುಗಳ ಮೇಲೆ ಹೊಗೆಯ ಬಣ್ಣವನ್ನು ಬಳಿಯಲಾಗಿದ್ದಿತು.

ಅಂಕೋಲೆಯ ಚಹದಂಗಡಿಯೊಂದರ ಮುಂದೆ ಆ ಕಾರು ಮತ್ತೆ ನಮಗೆ ಸಿಕ್ಕಿತು. ಅದನ್ನು ನಡೆಸುತ್ತಿದ್ದವನು ಕಾಲೇಜಿನ ಒಬ್ಬ ವಿದ್ಯಾರ್ಥಿ. ದೀಪದ ವಿಚಾರ ಕೇಳಿದಾಗ ಆತ ಮುಖವರಳಿಸಿ, "ಮನೆಯಲ್ಲೇ ಮಾಡಿದ್ದು ಸರ್," ಎಂದನು. ದೀಪದ ಮುಚ್ಚಳವನ್ನು ಸ್ಯಾಂಡ್‌ಪೇಪರಿನಿಂದ ನಯವಾಗಿ ಉಜ್ಜಿ, ಅಂಚಿಗೆ ಟೇಪು ಅಂಟಿಸಿ, ಡಬ್ಬಿಯ ಬಣ್ಣವನ್ನು ಒಂದರ ಮೇಲೊಂದರಂತೆ ಮೂರು ಪದರ ಸಿಂಪಡಿಸಿ, ಪ್ರತಿ ಪದರವೂ ಒಣಗುವವರೆಗೆ ಕಾದು, ಕೊನೆಗೆ ಮೆರುಗೆಣ್ಣೆ ಕೊಟ್ಟಿದ್ದನು. ಕೆಲಸ ಅಚ್ಚುಕಟ್ಟಾಗಿಯೇ ಇದ್ದಿತು. ಸ್ವಂತ ಕೈಯಿಂದ ಒಂದು ವಸ್ತುವನ್ನು ಬದಲಾಯಿಸಿದೆನೆಂಬ ಹೆಮ್ಮೆಯನ್ನು ನಾವು ಹೀಗಳೆಯಲಾರೆವು. ಅದಿಲ್ಲದೆ ಯಾವ ಎಂಜಿನಿಯರನೂ ಹುಟ್ಟುವುದಿಲ್ಲ. ಆದರೂ ಆ ಹುಡುಗನಿಗೆ ಅಂದು ಪೂರ್ತಿಯಾಗಿ ಹೇಳಲಾಗದ ಮಾತೊಂದನ್ನು ಇಲ್ಲಿ ಹೇಳಬೇಕಾಗಿದೆ. ಕಾರು ನಮ್ಮದಿರಬಹುದು, ಅದರ ಹಿಂದಿನ ದೀಪ ಮಾತ್ರ ನಮ್ಮದಲ್ಲ. ಅದು ನಮ್ಮ ಹಿಂದೆ ಬರುವ ಅಪರಿಚಿತನದು.

ಈ ಮಾತನ್ನು ಕಾರವಾರದವರಿಗೆ ವಿವರಿಸಲು ದೂರ ಹೋಗಬೇಕಾಗಿಲ್ಲ. ರಾತ್ರಿ ಬೈತಖೋಲ ಬಂದರಿನ ಬಳಿ ನಿಂತು ಸಮುದ್ರದತ್ತ ನೋಡಿದರೆ ಸಾಕು. ಹಡಗಿನ ಎಡಪಕ್ಕದಲ್ಲಿ ಕೆಂಪು ದೀಪ, ಬಲಪಕ್ಕದಲ್ಲಿ ಹಸಿರು ದೀಪ, ಹಿಂಬದಿಯಲ್ಲಿ ಬಿಳಿಯ ದೀಪ. 1972ರ ಅಂತರರಾಷ್ಟ್ರೀಯ ಒಪ್ಪಂದದಂತೆ ಪಕ್ಕದ ದೀಪಗಳು ಒಂದೊಂದೂ 112.5 ಡಿಗ್ರಿಯಷ್ಟು, ಹಿಂದಿನದು 135 ಡಿಗ್ರಿಯಷ್ಟು ಕಾಣಬೇಕು. ಮೂರನ್ನೂ ಕೂಡಿಸಿದರೆ ಸರಿಯಾಗಿ 360. ಕತ್ತಲೆಯಲ್ಲಿ ಕೆಂಪು ದೀಪವೊಂದೇ ಕಂಡರೆ ಆ ಹಡಗು ನಮಗೆ ಎಡಮೈ ತೋರುತ್ತಿದೆಯೆಂದು ನಾವಿಕನು ತಿಳಿಯುತ್ತಾನೆ. ಬಲೆಯೆಳೆಯುವ ಟ್ರಾಲರು ಹಸಿರಿನ ಕೆಳಗೆ ಬಿಳಿಯ ದೀಪವನ್ನು ಹೊತ್ತರೆ, ಬೇರೆ ಬಗೆಯಲ್ಲಿ ಮೀನು ಹಿಡಿಯುವ ದೋಣಿ ಕೆಂಪಿನ ಕೆಳಗೆ ಬಿಳಿಯದನ್ನು ಹೊರುತ್ತದೆ. ಇವು ಅಲಂಕಾರಗಳಲ್ಲ, ವಾಕ್ಯಗಳು. ಹೆಸರು, ಊರು, ಭಾಷೆ ಯಾವುದನ್ನೂ ಅರಿಯದವನಿಗೆ ಹೇಳುವ ವಾಕ್ಯಗಳು. ರಸ್ತೆಯ ದೀಪಗಳೂ ಇಂಥವೇ. ಕೆಂಪು ಎಂದರೆ 'ನಾನು ಇಲ್ಲಿದ್ದೇನೆ'. ಹೆಚ್ಚು ಪ್ರಖರವಾದ ಕೆಂಪು ಎಂದರೆ 'ನಾನು ನಿಲ್ಲುತ್ತಿದ್ದೇನೆ'. ಮಿನುಗುವ ಕಿತ್ತಳೆ ಬಣ್ಣ ಎಂದರೆ 'ನಾನು ತಿರುಗುತ್ತೇನೆ'. ಭಾಷೆಯೊಂದರ ಪದಗಳನ್ನು ಒಬ್ಬನೇ ತನ್ನ ಇಷ್ಟದಂತೆ ಬದಲಿಸಲಾಗದು. ಬದಲಿಸಿದರೆ ಕೇಳುವವನಿಗೆ ಅರ್ಥವಾಗದು.

ಇನ್ನು ಬಣ್ಣವು ಮಾಡುವುದೇನೆಂಬುದನ್ನು ನೋಡೋಣ. ಗೋಡೆಗೆ ಬಳಿದ ಬಣ್ಣವು ಗೋಡೆಗೆ ಏನನ್ನೋ ಕೂಡಿಸುತ್ತದೆ ಎನಿಸುತ್ತದೆ. ದೀಪದ ಮೇಲಿನ ಬಣ್ಣವಾದರೋ ಬೆಳಕಿನಿಂದ ಕಳೆಯುತ್ತದೆಯೇ ಹೊರತು ಏನನ್ನೂ ಕೂಡಿಸುವುದಿಲ್ಲ. ಈ ಕಳೆಯುವಿಕೆಯ ಲೆಕ್ಕ ಸರಳವಾಗಿದೆ. ಒಂದು ಪದರವು ಬೆಳಕಿನ 70 ಭಾಗವನ್ನು ಬಿಟ್ಟುಕೊಟ್ಟು 30 ಭಾಗವನ್ನು ಹೀರುತ್ತದೆಂದು ಇಟ್ಟುಕೊಳ್ಳೋಣ. ಎರಡನೆಯ ಪದರವು ಉಳಿದುದರ 70 ಭಾಗವನ್ನು, ಎಂದರೆ 49ನ್ನು ಬಿಡುತ್ತದೆ. ಮೂರನೆಯದರ ಹೊರಗೆ ಬರುವುದು 34 ಮಾತ್ರ. ಮೂರು ತೆಳುವಾದ ಪದರಗಳು ಕೂಡಿ ಮೂರರಲ್ಲಿ ಎರಡು ಪಾಲು ಬೆಳಕನ್ನು ನುಂಗಿಬಿಟ್ಟುವು!

ಇದರ ಅರ್ಥವೇನು? ವಿಶ್ವಸಂಸ್ಥೆಯ ಆಶ್ರಯದ ವಾಹನ ನಿಯಮಗಳಲ್ಲಿ ಹಿಂದಿನ ಸಾಮಾನ್ಯ ದೀಪದ ತೀವ್ರತೆ ನೇರ ಹಿಂದಕ್ಕೆ 4 ಕ್ಯಾಂಡೆಲಾಕ್ಕಿಂತ ಕಡಮೆಯಾಗಕೂಡದು, ಬ್ರೇಕಿನ ದೀಪದ್ದು 60 ಕ್ಯಾಂಡೆಲಾಕ್ಕಿಂತ ಕಡಮೆಯಾಗಕೂಡದು ಎಂದು ಬಹುಕಾಲದಿಂದ ಗೊತ್ತುಮಾಡಿದ್ದಾರೆ. ಇವೆರಡರ ನಡುವಣ ದೊಡ್ಡ ಅಂತರವು ಬೇಕೆಂದೇ ಇಟ್ಟುದು. 'ಇದ್ದೇನೆ' ಎಂಬುದಕ್ಕೂ 'ನಿಲ್ಲುತ್ತಿದ್ದೇನೆ' ಎಂಬುದಕ್ಕೂ ನೋಡುವವನು ಗೊಂದಲಪಡಬಾರದು. ಈಗ 60ಕ್ಕೆ ನಮ್ಮ ಮೂರು ಪದರಗಳನ್ನು ಬಳಿಯೋಣ. ಉಳಿಯುವುದು 20 ಕ್ಯಾಂಡೆಲಾಕ್ಕೆ ತುಸು ಮಿಕ್ಕು. ಹಿಂದಿನ ಸಾಮಾನ್ಯ ದೀಪಕ್ಕೆ ಅದೇ ನಿಯಮಗಳು ಇಟ್ಟಿದ್ದ ಮೇಲಿನ ಮಿತಿಯೇ 17 ಕ್ಯಾಂಡೆಲಾ! ಬಣ್ಣ ಬಳಿದ ಬ್ರೇಕಿನ ದೀಪವು ಬಣ್ಣವಿಲ್ಲದ ಬೇರೊಂದು ಕಾರಿನ ಸಾಮಾನ್ಯ ದೀಪದಂತೆಯೇ ಕಾಣತೊಡಗುತ್ತದೆ. ನಿಲ್ಲುತ್ತಿರುವವನು 'ಹೋಗುತ್ತಿದ್ದೇನೆ' ಎಂದು ಸುಳ್ಳು ಹೇಳಿದಂತಾಯಿತು.

ಇದಕ್ಕಿಂತ ಹೆಚ್ಚಿನ ಹಾನಿ ಪ್ರತಿಫಲಕಕ್ಕೆ ಆಗುತ್ತದೆ. ಹಿಂದಿನ ದೀಪದ ಮುಚ್ಚಳದಲ್ಲಿಯೋ ಅದರ ಕೆಳಗಡೆಯೋ ಜೇನುಗೂಡಿನಂಥ ಸಣ್ಣ ಸಣ್ಣ ಕೋಶಗಳಿರುವ ಕೆಂಪು ಬಿಲ್ಲೆಯನ್ನು ವಾಚಕರು ನೋಡಿರಬಹುದು. ಪ್ರತಿಯೊಂದು ಕೋಶವೂ ಪರಸ್ಪರ ಲಂಬವಾಗಿರುವ ಮೂರು ಮೈಗಳ ಮೂಲೆ. ಅಂಥ ಮೂಲೆಯೊಳಕ್ಕೆ ಹೊಕ್ಕ ಕಿರಣವು ಮೂರು ಸಲ ಪ್ರತಿಫಲಿಸಿ, ಬಂದ ದಾರಿಗೆ ಸಮಾನಾಂತರವಾಗಿ ಹಿಂದಿರುಗುತ್ತದೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಇಟ್ಟು ಬಂದುದು ಇದೇ ತತ್ತ್ವದ ಪ್ರತಿಫಲಕವನ್ನು. 2023ರಲ್ಲಿ ನಮ್ಮ ಚಂದ್ರಯಾನ-3ರ ವಿಕ್ರಮ್ ನೌಕೆಯು ಹೊತ್ತೊಯ್ದುದೂ ಇಂಥದೇ. ರಸ್ತೆಯ ಬದಿಯಲ್ಲಿ ಕೆಟ್ಟು ನಿಂತು, ಬ್ಯಾಟರಿಯೂ ಸತ್ತುಹೋದ ಗಾಡಿಗೆ ಈ ಬಿಲ್ಲೆಯೊಂದೇ ರಕ್ಷೆ. ಆದರೆ ಇದರೊಳಗಿನ ಬೆಳಕು ಹೊರಗಿನಿಂದ ಬಂದು ಹೊರಕ್ಕೇ ಹೋಗಬೇಕಾದುದರಿಂದ ಬಣ್ಣವನ್ನು ಎರಡು ಸಲ ದಾಟಬೇಕು. ಹೋಗುವಾಗ 34 ಭಾಗ. ಬರುವಾಗ ಆ 34ರಲ್ಲಿ ನೂರಕ್ಕೆ 34. ಕೊನೆಗೆ ದಕ್ಕುವುದು ನೂರಕ್ಕೆ 12ರಷ್ಟು ಬೆಳಕು. ನಮ್ಮ ಚಾಲಕರಿಗೆ ಆ ಸಂಜೆ ಕಾರು ಕಾಣದೆ ಹೋದುದರಲ್ಲಿ ಆಶ್ಚರ್ಯವಿದೆಯೇ?

ಇದೆಲ್ಲವೂ ಕಾಲದ ಲೆಕ್ಕವೂ ಹೌದು. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ 22 ಮೀಟರ್ ಕ್ರಮಿಸುತ್ತದೆ. ಹಳೆಯ ತಂತಿಯ ಬಲ್ಬು ಪೂರ್ಣವಾಗಿ ಹೊಳೆಯಲು ಎಲ್‌ಇಡಿ ದೀಪಕ್ಕಿಂತ ಸುಮಾರು 0.2 ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಹಿಂದಿನ ಗಾಡಿ 4 ಮೀಟರಿಗೂ ಮಿಕ್ಕಿ ಮುಂದೆ ಬಂದಿರುತ್ತದೆ. ಆ 4 ಮೀಟರನ್ನು ಗೆದ್ದುದನ್ನೇ ಎಂಜಿನಿಯರರು ದೊಡ್ಡ ಲಾಭವೆಂದು ಎಣಿಸಿದರು. ಸಂಕೇತವು ಮಂಕಾದಷ್ಟೂ ಮನುಷ್ಯನು ಅದಕ್ಕೆ ಓಗೊಡುವುದು ತಡವಾಗುತ್ತದೆಂಬುದು ಮನಶ್ಶಾಸ್ತ್ರವು ಹಿಂದೆಯೇ ಕಂಡುಕೊಂಡ ಸತ್ಯ. ಗೆದ್ದುಕೊಂಡುದನ್ನು ಒಂದು ಡಬ್ಬಿ ಬಣ್ಣಕ್ಕೆ ಸೋತುಬಿಡುವುದು ಜಾಣತನವಲ್ಲ. ಅದರಲ್ಲಿಯೂ ಮುಸ್ಸಂಜೆಯಲ್ಲಿ ನಮ್ಮ ಕಣ್ಣಿನ ದಂಡಕೋಶಗಳು ಕೆಲಸಕ್ಕಿಳಿಯುತ್ತವೆ. ಅವು ಕೆಂಪಿಗೆ ಹೆಚ್ಚು ಕಡಮೆ ಕುರುಡು. ಮಂಕಾದ ಕೆಂಪು ದೀಪವನ್ನು ಹಿಡಿಯಲು ಅವುಗಳ ನೆರವು ದೊರೆಯದು.

ಈ ಸೀಮೆಯ ರಸ್ತೆಗಳನ್ನು ಬಲ್ಲವರಿಗೆ ಇದು ಪುಸ್ತಕದ ಮಾತಲ್ಲ. ಕಾರವಾರ ಮತ್ತು ಬಿಣಗಾ ನಡುವಿನ ಸುರಂಗಕ್ಕೆ ಸುಡುಬಿಸಿಲಿನಿಂದ ನುಗ್ಗಿದಾಗ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲಿನ ಕೆಲವು ಕ್ಷಣ ಮುಂದಿನ ಗಾಡಿಯ ಕೆಂಪು ದೀಪಗಳೇ ನಮಗೆ ದಾರಿ. ಅಂಕೋಲೆಯಿಂದ ಯಲ್ಲಾಪುರಕ್ಕೆ ಏರುವ ಅರಬೈಲು ಘಟ್ಟದಲ್ಲಿ ಮಳೆಗಾಲದ ಮಂಜು ಇಳಿದಾಗ ತಿರುವಿನಾಚೆಗೆ ಲಾರಿ ಇದೆಯೋ ಇಲ್ಲವೋ ಎಂಬುದನ್ನು ಹೇಳುವುದೂ ಅವೇ.

ಮಂಜಿನ ಮಾತು ಬಂದುದರಿಂದ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಬೇಕು. ಮುಂದಿನ ದೀಪಕ್ಕೆ ಹಳದಿ ಬಣ್ಣ ಬಳಿದರೆ ಅದು ಮಂಜನ್ನು ಸೀಳಿಕೊಂಡು ಹೋಗುತ್ತದೆಂದು ಹಲವರು ನಂಬಿದ್ದಾರೆ. ಕೆಂಪು ಬೆಳಕು ಕಡಮೆ ಚದರುತ್ತದೆ, ನೀಲಿ ಹೆಚ್ಚು ಚದರುತ್ತದೆ ಎಂದು ಶಾಲೆಯಲ್ಲಿ ಕಲಿತುದೇ ಇದಕ್ಕೆ ಆಧಾರ. ಆ ಪಾಠ ಸುಳ್ಳಲ್ಲ. ಗಾಳಿಯ ಅಣುಗಳು ನೀಲಿಯನ್ನು ಕೆಂಪಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಚದರಿಸುತ್ತವೆ. ಆಕಾಶ ನೀಲಿಯಾಗಿರುವುದು ಅದರಿಂದಲೇ. ಆದರೆ ಆ ನಿಯಮವು ಬೆಳಕಿನ ಅಲೆಯುದ್ದಕ್ಕಿಂತ ಬಹಳ ಚಿಕ್ಕದಾದ ಕಣಗಳಿಗೆ ಮಾತ್ರ ಸಲ್ಲುತ್ತದೆ. ಕೆಂಪಿನ ಅಲೆಯುದ್ದ ಸುಮಾರು 0.65 ಮೈಕ್ರೋಮೀಟರ್, ಮಂಜಿನ ಹನಿಯಾದರೋ 10 ಮೈಕ್ರೋಮೀಟರಿನ ಆಸುಪಾಸಿನದು, ಮಳೆಯ ಹನಿ ಅದಕ್ಕೂ ಎಷ್ಟೋ ದೊಡ್ಡದು. ಅಂಥ ಹನಿಗಳು ಎಲ್ಲ ಬಣ್ಣಗಳನ್ನೂ ಬಹುಮಟ್ಟಿಗೆ ಒಂದೇ ಸಮನಾಗಿ ಚದರಿಸುತ್ತವೆ. ಮಂಜು ಬೆಳ್ಳಗೆ ಕಾಣುವುದು ಅದಕ್ಕಾಗಿಯೇ! ಫ್ರಾನ್ಸ್ ದೇಶವು 1930ರ ದಶಕದಿಂದ 1993ರವರೆಗೆ ಹಳದಿಯ ಮುಂದೀಪವನ್ನು ಕಡ್ಡಾಯ ಮಾಡಿ, ಕೊನೆಗೆ ಆ ಕಟ್ಟಳೆಯನ್ನು ಕೈಬಿಟ್ಟಿತು. ಮುಂದಿನ ದೀಪಕ್ಕೆ ಬಣ್ಣ ಬಳಿಯುವುದರಿಂದ ಬೇರೆ ಕೇಡುಗಳೂ ಉಂಟು. ಕೈಯಿಂದ ಬಳಿದ ಪದರದ ಉಬ್ಬುತಗ್ಗುಗಳು ಅಚ್ಚುಕಟ್ಟಾಗಿ ಕೆಳಗೆ ಬೀಳಬೇಕಾದ ಬೆಳಕನ್ನು ಚದರಿಸಿ ಎದುರಿನವರ ಕಣ್ಣಿಗೆ ಎರಚುತ್ತವೆ. ಹೀರಿಕೊಂಡ ಬೆಳಕು ಶಾಖವಾಗಿ ಪ್ಲಾಸ್ಟಿಕ್ಕಿನ ಮುಚ್ಚಳದಲ್ಲಿಯೇ ಉಳಿಯುತ್ತದೆ. ಉಜ್ಜುವಾಗ ಅತಿನೇರಳೆ ಕಿರಣಗಳಿಂದ ಕಾಯುವ ಮೇಲ್ಪದರ ಹೋಗಿಬಿಡುತ್ತದೆ. ಬಣ್ಣದ ಥಿನ್ನರು ಪಾಲಿಕಾರ್ಬೊನೇಟಿನಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ಮೂಡಿಸುತ್ತದೆ.

ದೀಪಗಳಿಗೆ ಕಪ್ಪು ಬಳಿದ ಕಾಲವೊಂದು ನಮ್ಮ ದೇಶದಲ್ಲಿಯೂ ಇದ್ದಿತು. 1965 ಮತ್ತು 1971ರ ಯುದ್ಧಗಳಲ್ಲಿ ಹಲವು ನಗರಗಳ ಮೋಟಾರು ಗಾಡಿಗಳ ಮುಂದಿನ ದೀಪದ ಮೇಲರ್ಧಕ್ಕೆ ಕಪ್ಪು ಬಣ್ಣ ಹಚ್ಚುತ್ತಿದ್ದರು. ಶತ್ರುವಿಮಾನಗಳ ಕಣ್ಣಿಗೆ ಬೀಳಬಾರದೆಂಬುದು ಅದರ ಉದ್ದೇಶ. ದೀಪಕ್ಕೆ ಬಳಿದ ಕಪ್ಪು ಬಣ್ಣದ ಗುಣವೇ ಮರೆಮಾಡುವುದು. ಯಕ್ಷಗಾನದ ಬಣ್ಣದ ವೇಷದವರು ಚೌಕಿಯಲ್ಲಿ ಕುಳಿತು ಗಂಟೆಗಟ್ಟಲೆ ಬಣ್ಣ ಬಳಿದುಕೊಳ್ಳುವುದು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕಾಣಿಸಲೆಂದು. ನಮ್ಮ ತರುಣ ಮಿತ್ರನೂ ನಾಲ್ಕು ಜನರ ಕಣ್ಣಿಗೆ ಬೀಳಲೆಂದೇ ಬಳಿದನು. ಆದರೆ ಕಾಣಲೇಬೇಕಾದವನಿಗೆ ಕಾಣದೆ ಹೋದನು.

ಇದಕ್ಕೆ ಆಕ್ಷೇಪಗಳುಂಟು. ಕಂಪನಿಗಳೇ ಕಪ್ಪುಛಾಯೆಯ ಹಿಂದೀಪಗಳನ್ನು ಮಾರುವುದಿಲ್ಲವೇ ಎಂದು ಕೇಳಬಹುದು. ಮಾರುತ್ತವೆ. ಆದರೆ ಅಲ್ಲಿ ಮುಚ್ಚಳದ ಛಾಯೆಯನ್ನು ಲೆಕ್ಕಕ್ಕೆ ಹಿಡಿದು ಒಳಗಿನ ದೀಪವನ್ನು ರೂಪಿಸಿ, ಪ್ರಯೋಗಶಾಲೆಯಲ್ಲಿ ಕೋನ ಕೋನಕ್ಕೂ ಬೆಳಕನ್ನು ಅಳೆದಿರುತ್ತಾರೆ. ಹಗಲಿನಲ್ಲಷ್ಟೇ ಓಡಿಸುತ್ತೇವೆ ಎನ್ನುವವರೂ ಇದ್ದಾರೆ. ಬ್ರೇಕಿನ ದೀಪವು ಸೂರ್ಯನೊಡನೆಯೇ ಸೆಣಸಬೇಕಾದ ಹಗಲಿನಲ್ಲಿಯೇ ಅದಕ್ಕೆ ಹೆಚ್ಚಿನ ಬಲ ಬೇಕು. ಕಾನೂನೂ ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕು. ಅಷ್ಟು ದೂರಕ್ಕೆ ಹೇಗೋ ಕಾಣುತ್ತಿದ್ದ ದೀಪಕ್ಕೆ ಮೂರು ಪದರ ಬಳಿದರೆ, ದೂರದ ವರ್ಗಕ್ಕೆ ತಕ್ಕಂತೆ ಬೆಳಕು ಕುಗ್ಗುವುದರಿಂದ, ಅದು ಶುಭ್ರವಾದ ಇರುಳಿನಲ್ಲಿಯೂ 90 ಮೀಟರಿಗೆ ಇಳಿಯುತ್ತದೆ. ಅನುಮತಿಯಿಲ್ಲದ ಮಾರ್ಪಾಟೊಂದಕ್ಕೆ 5000 ರೂಪಾಯಿ ದಂಡವನ್ನು 2019ರ ತಿದ್ದುಪಡಿ ವಿಧಿಸಿದೆ. ಆದರೆ ದಂಡಕ್ಕೆ ಹೆದರಿ ಬಿಡುವುದಕ್ಕಿಂತ ತಿಳಿದು ಬಿಡುವುದು ಮೇಲು.

ತಿಳಿಯಲು ಒಂದು ಸುಲಭವಾದ ಪ್ರಯೋಗವುಂಟು. ಕತ್ತಲೆಯ ಕೋಣೆಯಲ್ಲಿ ಒಂದು ಟಾರ್ಚನ್ನು ಮೇಜಿನ ಮೇಲಿಟ್ಟು, ಬೆಳಕನ್ನಳೆಯುವ ಆ್ಯಪ್ ಇರುವ ಮೊಬೈಲನ್ನು ಅದರೆದುರು ಒಂದು ಮೀಟರ್ ದೂರದಲ್ಲಿ ನಿಲ್ಲಿಸಿರಿ. ಟಾರ್ಚಿನ ಮುಂದೆ ಬಣ್ಣದ ಜಿಲೆಟಿನ್ ಕಾಗದದ ಒಂದು, ಎರಡು, ಮೂರು ಪದರಗಳನ್ನು ಹಿಡಿದು ಅಂಕೆಗಳನ್ನು ಬರೆದುಕೊಳ್ಳಿರಿ. ಪ್ರತಿ ಪದರವೂ ಬೆಳಕನ್ನು ಹೇಗೆ ಕುಗ್ಗಿಸುತ್ತದೆಂಬುದನ್ನು ನೀವೇ ಕಂಡುಕೊಳ್ಳುವಿರಿ. ಬಳಿಕ ಟಾರ್ಚನ್ನು ಹಿಡಿದು ರಾತ್ರಿ ಒಂದು ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆಯ ಮೇಲೆ ಬೆಳಕು ಬಿಡಿರಿ. ಮೊದಲು ಬರಿಯ ಬಿಲ್ಲೆ, ಅನಂತರ ಆ ಕಾಗದ ಮುಚ್ಚಿದ ಬಿಲ್ಲೆ. ಎರಡು ಸಲದ ಸುಂಕವೆಂದರೇನೆಂಬುದು ಆಗ ಮನದಟ್ಟಾಗುವುದು.

ಕೈಕೆಲಸದ ಹುಮ್ಮಸ್ಸಿಗೆ ಬೇರೆ ದಾರಿಗಳು ಬೇಕಾದಷ್ಟಿವೆ. ಉಪ್ಪುಗಾಳಿಗೂ ಬಿಸಿಲಿಗೂ ಮಬ್ಬಾದ ಮುಂದೀಪದ ಮುಚ್ಚಳವನ್ನು ಪಾಲಿಶ್ ಮಾಡಿ ಮತ್ತೆ ತಿಳಿಯಾಗಿಸುವುದು ಬಣ್ಣ ಬಳಿಯುವುದಕ್ಕಿಂತ ಕಷ್ಟದ, ಆದುದರಿಂದಲೇ ಹೆಚ್ಚು ಹೆಮ್ಮೆಯ ಕೆಲಸ. ಗೋಡೆಯ ಮುಂದೆ ಗಾಡಿಯನ್ನು ನಿಲ್ಲಿಸಿ ಎರಡು ದೀಪಗಳ ಬೆಳಕು ಒಂದೇ ಎತ್ತರಕ್ಕೆ, ತಕ್ಕಷ್ಟು ತಗ್ಗಿ ಬೀಳುವಂತೆ ಸರಿಪಡಿಸಬಹುದು. ನಸುಕಿನಲ್ಲಿ ಬುಟ್ಟಿ ಕಟ್ಟಿಕೊಂಡು ಮೀನು ಮಾರಲು ಹೊರಡುವವರ ಸೈಕಲ್ಲು ಸ್ಕೂಟರುಗಳಿಗೆ ಪ್ರತಿಫಲಿಸುವ ಪಟ್ಟಿಯನ್ನು ಅಂಟಿಸಿ ಕೊಡಬಹುದು. ಇವೂ ಮನೆಯಲ್ಲಿಯೇ ಮಾಡುವಂಥವು.

ಅಂದು ಚಹ ಕುಡಿದು ಹೊರಡುವಾಗ ಆ ಹುಡುಗನಿಗೆ, ನಿನ್ನ ಕಾರಿನ ಹಿಂದಿನ ದೀಪವನ್ನು ನೀನು ಎಂದಾದರೂ ನೋಡುತ್ತ ಓಡಿಸಿದ್ದುಂಟೋ ಎಂದು ಕೇಳಿದೆವು. ಆತ ನಕ್ಕು, "ಅದು ಹೇಗೆ ಸರ್, ನಾನು ಒಳಗಿರ್ತೇನಲ್ಲ?" ಎಂದನು. ಅಷ್ಟು ಹೇಳಿದ ಮೇಲೆ ತಾನೇ ಸುಮ್ಮನಾಗಿ, ಹಿಂದಕ್ಕೆ ನಡೆದು ಹೋಗಿ, ಮಳೆಯಲ್ಲಿ ನಿಂತು ತನ್ನ ಕಾರನ್ನು ಒಮ್ಮೆ ನೋಡಿದನು.