ಫ್ರೀಜರ್‌ನಲ್ಲಿಟ್ಟರೆ ಏನೂ ಆಗಲ್ವಂತೆ!

ಇದೇನು, ಮೂತ್ರದ ವಿಷಯ ಬರೀತಿದಾನಲ್ಲ ಅಂತ ಮೂಗು ಮುರೀಬೇಡಿ. ಐವತ್ತು ದಾಟಿ ಸಕ್ಕರೆ ಕಾಯಿಲೆ ಅಂಟಿಸಿಕೊಂಡವರ ಮಾತು ಎಲ್ಲಿ ಶುರುವಾದರೂ ಅಲ್ಲಿಗೇ ಬರುತ್ತೆ.

ಇಲ್ಲಿ ಮುಂಬೈಯಲ್ಲಿ ಒಂದು ಆರೋಗ್ಯ ಶಿಬಿರದಲ್ಲಿ ಸ್ಯಾಂಪಲ್ ಕೊಟ್ಟಿದ್ದೆವು. ರಿಪೋರ್ಟ್ ಬಂದದ್ದು ಮೂರು ತಿಂಗಳ ಮೇಲೆ. ಇಷ್ಟು ದಿನ ಎಲ್ಲಿತ್ತು ಅಂದರೆ, "ಮೈನಸ್ ಇಪ್ಪತ್ತು ಡಿಗ್ರಿ ಫ್ರೀಜರ್‌ನಲ್ಲಿತ್ತು ಸಾರ್, ಏನೂ ಆಗಲ್ಲ" ಅಂದರು. ಈ "ಏನೂ ಆಗಲ್ಲ" ಜೊತೆಗೇ ನನ್ನ ಜಗಳ.

ಆಗುತ್ತೆ ಸ್ವಾಮಿ. ಸಕ್ಕರೆಯ ಏಟು ಕಿಡ್ನಿಗೆ ಬಿತ್ತು ಅಂತ ಮೊದಮೊದಲು ಸುಳಿವು ಕೊಡೋದು ಮೂತ್ರದಲ್ಲಿ ಸೋರುವ ಆಲ್ಬುಮಿನ್. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಮುಟ್ಟಿದರೆ ಡಾಕ್ಟರ್ ಹುಷಾರಾಗ್ತಾರೆ. ಮೈನಸ್ 20ರಲ್ಲಿ ತಿಂಗಳುಗಟ್ಟಲೆ ಇಟ್ಟರೆ ಈ ಆಲ್ಬುಮಿನ್ ಒಂದಿಷ್ಟು ಹಾಳಾಗುತ್ತೆ, ಒಂದಿಷ್ಟು ಗಸಿಯ ಜೊತೆ ತಳಕ್ಕೆ ಕೂರುತ್ತೆ. ಕ್ರಿಯಾಟಿನಿನ್ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತೆ. ಮೇಲಿನ ಅಂಕಿ ಇಳೀತು, ಕೆಳಗಿನದು ನಿಂತಲ್ಲೇ ನಿಂತಿತು... ಬಿ.ಕಾಂ. ಓದಿದ ನನಗೂ ಈ ಭಾಗಾಕಾರ ಬರುತ್ತೆ. ನಿಜಕ್ಕೂ 35 ಇದ್ದವನಿಗೆ 28 ಅಂತ ಬಂದರೆ, ಅವನು ನಾರ್ಮಲ್ ಅಂದುಕೊಂಡು ಜಿಲೇಬಿಗೆ ಕೈಹಾಕ್ತಾನೆ! ಎಲ್ಲರದೂ ಒಂದೇ ಸಮ ಇಳಿಯಲ್ಲ, ಹಾಗಾಗಿ ಬಡ್ಡಿ ಸೇರಿಸಿದ ಹಾಗೆ ಆಮೇಲೆ ಸರಿಮಾಡೋಕೂ ಆಗಲ್ಲ. ಇನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಜೀವಕೋಶಗಳು ಹೆಪ್ಪುಗಟ್ಟಿ ಕರಗುವಾಗ ಒಡೆದೇ ಹೋಗುತ್ತವೆ.

"ಬೀಜಿಂಗ್ ಒಲಿಂಪಿಕ್ಸ್‌ನ 2008ರ ಸ್ಯಾಂಪಲ್‌ಗಳನ್ನ 2016ರಲ್ಲಿ ಮತ್ತೆ ಪರೀಕ್ಷೆ ಮಾಡಿ ಪದಕ ಕಿತ್ಕೊಳ್ಳಲಿಲ್ವಾ?" ಅಂತ ಒಬ್ಬ ಗೆಳೆಯರ ವಾದ. ನಿಜ. ಆದರೆ ಅಲ್ಲಿ ಹೆಚ್ಚಾಗಿ ಸಿಕ್ಕಿದ್ದು ಸ್ಟೀರಾಯ್ಡ್‌ಗಳ ಕುರುಹು, ಸಣ್ಣ ಗಟ್ಟಿ ಅಣುಗಳು. ಆಲ್ಬುಮಿನ್ ಪ್ರೋಟೀನ್. ಒಂದು ಉಳೀತು ಅಂದ ಮಾತ್ರಕ್ಕೆ ಇನ್ನೊಂದೂ ಉಳೀಬೇಕಾ? ಕಿಡ್ನಿ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಕೊಡುವ ಕೆಡಿಗೋ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ: ತಾಜಾ ಇದ್ದಾಗಲೇ ಪರೀಕ್ಷಿಸಿ, ಇಲ್ಲವೇ 4 ಡಿಗ್ರಿಯಲ್ಲಿ ಹೆಚ್ಚೆಂದರೆ 7 ದಿನ ಇಡಿ, ಮೈನಸ್ 20 ಬೇಡ. ವರ್ಷಗಟ್ಟಲೆ ಇಡಲೇಬೇಕಾದ ಸಂಶೋಧಕರು ಮೈನಸ್ 80ರ ಫ್ರೀಜರ್ ಕೊಳ್ಳೋದು ಶೋಕಿಗಲ್ಲ.

ನಮ್ಮ ಬ್ಯಾಂಕುಗಳಲ್ಲಿ 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯುಸ್ಸು ಮೂರೇ ತಿಂಗಳು. ಒಂದು ದಿನ ಮೀರಿದರೂ ಬೈಸಿಕೊಂಡಾದರೂ ವಾಪಸ್ ಮಾಡ್ತೀವಿ. ಮನುಷ್ಯರ ಕಿಡ್ನಿಯ ಲೆಕ್ಕಕ್ಕೆ ಅಷ್ಟೂ ಬೇಡವೇ? ಸ್ಯಾಂಪಲ್ ತಗೊಂಡ ದಿನ, ಪರೀಕ್ಷೆ ಮಾಡಿದ ದಿನ, ನಡುವೆ ಎಷ್ಟು ಡಿಗ್ರಿಯಲ್ಲಿತ್ತು, ಎಷ್ಟು ಸಲ ಕರಗಿಸಿದರು... ಈ ನಾಲ್ಕನ್ನೂ ರಿಪೋರ್ಟ್‌ನಲ್ಲೇ ಹಾಕಿ ಅಂತ ಕೇಳಿ. ಹಾಕಲ್ಲ ಅಂದರೆ ಬೆಳಗಿನ ತಾಜಾ ಸ್ಯಾಂಪಲ್ ಬೇರೆ ಕಡೆ ಕೊಟ್ಟು ಇನ್ನೊಮ್ಮೆ ಮಾಡಿಸಿ.