ಇಟ್ಟಿಗೆ ಎಳೆದು ಭೂಕಂಪ ಕಲಿಸೋಣ

ಭೂಕಂಪದ ಪಾಠ ಬಂದಾಗ ನಮ್ಮಲ್ಲಿ ಬಹುತೇಕ ಶಿಕ್ಷಕರು ಕರಿಹಲಗೆಯ ಮೇಲೆ ಎರಡು ಭೂಫಲಕಗಳನ್ನು ಬರೆದು, ಒಂದು ಇನ್ನೊಂದರ ಅಡಿಗೆ ಇಳಿಯುವಂತೆ ಬಾಣದ ಗುರುತು ಹಾಕಿ ಮುಗಿಸುತ್ತೇವೆ. ಆದರೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್, ಅಂದರೆ ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುವ ಫಲಕ ಇದ್ದಕ್ಕಿದ್ದಂತೆ ಕಡಲನ್ನೇ ಅಲ್ಲಾಡಿಸುವುದು ಹೇಗೆ? ಬಾಣದ ಗುರುತಿನಲ್ಲಿ ಇದಕ್ಕೆ ಉತ್ತರವಿಲ್ಲ. ಪ್ರಯೋಗದಲ್ಲಿದೆ.

ಮೇಜಿನ ಮೇಲೆ ಮರಳುಕಾಗದ ಅಂಟಿಸಿ, ಅದರ ಮೇಲೊಂದು ಇಟ್ಟಿಗೆ ಇಡಿ. ಇಟ್ಟಿಗೆಗೆ ದಾರ ಕಟ್ಟಿ, ದಾರದ ತುದಿಗೆ ಮೂರ್ನಾಲ್ಕು ರಬ್ಬರ್ ಬ್ಯಾಂಡ್ ಪೋಣಿಸಿ ನಿಧಾನವಾಗಿ, ಒಂದೇ ಸಮನೆ ಎಳೆಯಿರಿ. ರಬ್ಬರ್ ಹಿಗ್ಗುತ್ತದೆ, ಇಟ್ಟಿಗೆ ಅಲುಗುವುದಿಲ್ಲ. ಎಳೆತವು ಘರ್ಷಣೆಯನ್ನು ಮೀರಿದೊಡನೆ ಇಟ್ಟಿಗೆ ಥಟ್ಟನೆ ಜಾರಿ ಮತ್ತೆ ನಿಲ್ಲುತ್ತದೆ.

ಇದು ಬರಿಯ ಆಟವಲ್ಲ. ಹೀಗೆ ಅಂಟಿ ನಿಂತು ಜಾರುವುದೇ ಭೂಕಂಪದ ಬಗೆ ಇರಬಹುದೆಂದು ಬ್ರೇಸ್ ಮತ್ತು ಬೈಯರ್ಲಿ 1966ರಲ್ಲಿ ಶಿಲೆಗಳ ಪ್ರಯೋಗದಿಂದ ಸೂಚಿಸಿದರು. ರೋಮ್‌ನ ಪ್ರಯೋಗಾಲಯವೊಂದರಲ್ಲಿ ಜೆಲಾಟಿನ್ ಮುದ್ದೆಯ ಅಡಿಗೆ, 10 ಡಿಗ್ರಿ ಇಳಿಜಾರಿನಲ್ಲಿ, ಮರಳುಕಾಗದವಿರುವ ಗಟ್ಟಿ ಫಲಕವನ್ನು ನಿಧಾನವಾಗಿ ತಳ್ಳಿ ನೋಡಿದ್ದಾರೆ. ಅಂಟಿಕೊಂಡ ಮುದ್ದೆ ಫಲಕದ ಜೊತೆ ಎಳೆದುಕೊಂಡು ಹೋಗಿ, ಬಿಡಿಸಿಕೊಂಡಾಗ ಹಿಂದಕ್ಕೆ ಚಿಮ್ಮುತ್ತದೆ. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನ್‌ವರೆಗೆ ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ನಡೆದದ್ದೂ ಇಂಥದೇ. ಚಿಮ್ಮಿದ ಕಡಲತಳ ನೀರನ್ನು ಎತ್ತಿತು, ಅದೇ ಸುನಾಮಿಯಾಯಿತು.

ನನ್ನ ಅಭಿಪ್ರಾಯದಲ್ಲಿ ಈ ಪ್ರಯೋಗದ ನಿಜವಾದ ಬೆಲೆ ಬೇರೆಯೇ ಇದೆ. ಒಂದು ಶಾಲೆಯಲ್ಲಿ ಇದನ್ನು ಮಾಡಿಸಿದಾಗ ಏಳನೇ ತರಗತಿಯ ಹುಡುಗಿಯೊಬ್ಬಳು, "ಮುಂದಿನ ಸಲ ಯಾವಾಗ ಜಾರುತ್ತೆ ಸಾರ್?" ಎಂದಳು. ನೀವೇ ಹೇಳಿ ಎಂದೆ. ಪ್ರತಿ ಸಲ ರಬ್ಬರ್ ಎಷ್ಟು ಹಿಗ್ಗಿತು, ಇಟ್ಟಿಗೆ ಎಷ್ಟು ಜಾರಿತು ಎಂದು ಅಳತೆಪಟ್ಟಿ ಹಿಡಿದು ಬರೆದುಕೊಂಡರು. ಜಾರುವುದು ಖಚಿತ, ಅಳತೆ ಮಾತ್ರ ಒಂದು ಸಲದಂತೆ ಇನ್ನೊಂದು ಸಲ ಬರಲಿಲ್ಲ. ಇಂಥ ದಿನ ಭೂಕಂಪವಾಗುತ್ತದೆ ಎಂಬ ಗಾಳಿಸುದ್ದಿ ಹಬ್ಬಿದಾಗ ಈ ಮಕ್ಕಳು ಸುಮ್ಮನೆ ನಂಬಲಾರರು. ಹೈದರಾಬಾದಿನಲ್ಲಿ 2007ರಿಂದ ಇರುವ ಸುನಾಮಿ ಮುನ್ಸೂಚನಾ ಕೇಂದ್ರವೂ ಭೂಕಂಪ ಆದ ಮೇಲೆಯೇ ಅಲೆಯ ಎಚ್ಚರಿಕೆ ಕೊಡುತ್ತದೆ.

ಇಟ್ಟಿಗೆ ಭೂಮಿಯಲ್ಲ, ನಿಜ. ಅಲ್ಲಿನ ಶಾಖ, ಒತ್ತಡ, ನೀರು ಯಾವುದೂ ಇಲ್ಲಿಲ್ಲ. ಯಾವುದು ಹೋಲುತ್ತದೆ, ಯಾವುದು ಹೋಲುವುದಿಲ್ಲ ಎಂದು ಮಕ್ಕಳಿಂದಲೇ ಪಟ್ಟಿ ಮಾಡಿಸಿ. ಪಾಠ ಮುಗಿಸಲು ಸಮಯವಿಲ್ಲ ಎನ್ನುವವರಿಗೆ ನನ್ನ ಮನವಿ ಇಷ್ಟೆ: ಚಿತ್ರ ಬರೆಸುವ ಆ ಒಂದು ಅವಧಿಯನ್ನೇ ಇದಕ್ಕೆ ಕೊಡಿ.