ಪರದೇಶದ ಚಳಿ ಮತ್ತು ಹಿರಿಯರ ನಡಿಗೆ

ಹೊರದೇಶದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಬರುವುದು ಮುಂಬಯಿ, ಪುಣೆಗಳ ಕನ್ನಡಿಗ ಕುಟುಂಬಗಳಿಗೆ ಈಗ ಹೊಸತಲ್ಲ. ಆದರೆ ಮಗಳ ಬಾಣಂತನಕ್ಕೆಂದು ಹೊರಡುವ ತಾಯ್ತಂದೆಗಳಿಗೆ ಋತುವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರುವುದಿಲ್ಲ. ಡಿಸೆಂಬರಿನಲ್ಲಿ ಅಮೆರಿಕದ ಮಿನಿಸೋಟದಂತಹ ಉತ್ತರದ ರಾಜ್ಯಕ್ಕೆ ಹೋಗಿ ಇಳಿಯುವವರೂ ಉಂಟು. ಆ ತಿಂಗಳಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯಾಸ್ತ. ಜನವರಿಯ ರಾತ್ರಿಗಳಲ್ಲಿ ಉಷ್ಣಮಾನ ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೆ ಅಲ್ಲಿಯವರು ಹುಬ್ಬೇರಿಸುವುದಿಲ್ಲ. ಊರಿನಲ್ಲಿ ದಿನವೂ ಉದ್ಯಾನ ಸುತ್ತುತ್ತಿದ್ದ ಮಧುಮೇಹಿಯು ಇಲ್ಲಿ ಮೂರು ತಿಂಗಳು ಸೋಫಾಕ್ಕೂ ಊಟದ ಮೇಜಿಗೂ ನಡುವೆ ಸಂಚರಿಸುತ್ತಾನೆ. ಮಾತ್ರೆ ತಪ್ಪುವುದಿಲ್ಲ, ನಡಿಗೆ ತಪ್ಪುತ್ತದೆ.

ಇಂತಹವರನ್ನು ಮಕ್ಕಳು ಒಂದು ಸಂಜೆ ದೊಡ್ಡ ಮಾಲಿಗೆ ಕರೆದೊಯ್ಯುತ್ತಾರೆ. ನಾಲ್ಕು ಛಾಯಾಚಿತ್ರ, ಒಂದು ಸ್ವೆಟರ್, ಬೆಲೆಯ ಚೀಟಿಯನ್ನು ರೂಪಾಯಿಗೆ ಗುಣಿಸಿ ಒಂದು ನಿಟ್ಟುಸಿರು. ಅಲ್ಲಿಗೆ ಮಾಲಿನ ದರ್ಶನ ಮುಗಿಯಿತು. ಇದು ಕೈಗೆ ಬಂದ ಸೌಕರ್ಯವನ್ನು ವ್ಯರ್ಥಗೊಳಿಸಿದಂತೆ. ಹಿರಿಯರ ಪಾಲಿಗೆ ಆ ಕಟ್ಟಡ ಚಳಿಗಾಲದ ಬೀದಿಯಾಗಬೇಕು. ವಾರಕ್ಕೆ ಮೂರು ಸಲವಾದರೂ ಅವರು ಅಲ್ಲಿ ನಡೆಯಬೇಕು.

ಅದನ್ನು ಕಲ್ಪಿಸಿದವನ ಆಶಯವೂ ಇದಕ್ಕೆ ದೂರವಾಗಿರಲಿಲ್ಲ. ವಿಯೆನ್ನಾದಲ್ಲಿ 1903ರಲ್ಲಿ ಹುಟ್ಟಿ 1938ರಲ್ಲಿ ಅಮೆರಿಕಕ್ಕೆ ವಲಸೆ ಬಂದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್, ಮಿನಿಯಾಪೊಲಿಸ್ ಪಕ್ಕದ ಇಡೈನಾದಲ್ಲಿ ಸೌತ್‌ಡೇಲ್ ಎಂಬ ಮಾಲನ್ನು ರೂಪಿಸಿದ. 1956ರಲ್ಲಿ ತೆರೆದ ಅದರ ಅಂಗಡಿಬೀದಿಯೆಲ್ಲ ಒಂದೇ ಸೂರಿನಡಿ, ವರ್ಷವಿಡೀ ಒಂದೇ ಹದದ ಹವೆಯಲ್ಲಿತ್ತು. ಸುತ್ತಲೂ ಮನೆ, ಶಾಲೆ, ವೈದ್ಯಾಲಯಗಳಿದ್ದು ಜನ ಕಾಲ್ನಡಿಗೆಯಲ್ಲಿ ಬಂದು ಕಲೆಯಬೇಕೆಂಬುದು ಅವನ ಬಯಕೆ. ಆದರೆ ಅವನನ್ನು ಅನುಕರಿಸಿ ಎದ್ದ ಮಾಲುಗಳನ್ನು ಸುತ್ತುವರಿದದ್ದು ಕಾರು ನಿಲ್ದಾಣದ ಮೈದಾನ. ಕೊನೆಗಾಲದಲ್ಲಿ ಗ್ರೂಯೆನ್ ಅವುಗಳಿಂದ ಬೇಸತ್ತಿದ್ದ; 1980ರಲ್ಲಿ ವಿಯೆನ್ನಾದಲ್ಲಿಯೇ ತೀರಿಕೊಂಡ.

ಅದೇ ಪ್ರದೇಶದಲ್ಲಿ 1992ರಲ್ಲಿ ತೆರೆದ ಮಾಲ್ ಆಫ್ ಅಮೆರಿಕದ ವಿಶೇಷ ಇನ್ನೊಂದು. ಪ್ರವೇಶದ್ವಾರಗಳನ್ನು ಬಿಟ್ಟರೆ ಅದರ ಸಾರ್ವಜನಿಕ ಅಂಗಳಗಳಿಗೆ ಕೇಂದ್ರೀಯ ಶಾಖವ್ಯವಸ್ಥೆಯಿಲ್ಲ. ಗಾಜಿನ ಸೂರಿನಿಂದಿಳಿಯುವ ಬಿಸಿಲು, ದೀಪಗಳು, ಸಾವಿರಾರು ಜನರ ಮೈಬಿಸಿ ಇವೇ ಸಾಕಾಗುತ್ತವೆ. ಹೊರಗೆ ನೀರು ಕಲ್ಲಾಗಿರುವಾಗ ಒಳಗೆ ಸುಮಾರು 20 ಡಿಗ್ರಿ! ಒಂದು ಅಂತಸ್ತನ್ನು ಒಮ್ಮೆ ಸುತ್ತಿದರೆ ಒಂದು ಕಿಲೋಮೀಟರಿಗೆ ತುಸು ಕಡಮೆ. ನೆಲ ಸಮತಟ್ಟು, ದಣಿದರೆ ಕೂಡಲು ಬೆಂಚು, ಶೌಚಾಲಯ ಹತ್ತಿರ. ಈ ಕಡೆಯ ಸೌಕರ್ಯದ ಬೆಲೆ ಅರುವತ್ತು ದಾಟಿದವರಿಗೇ ಗೊತ್ತು. ಅಮೆರಿಕದ ವೃದ್ಧರು ಅಂಗಡಿಗಳು ತೆರೆಯುವ ಮೊದಲೇ ಮಾಲುಗಳಿಗೆ ಬಂದು ನಡೆಯುವ ವಾಡಿಕೆ ಹಳೆಯದು. ಅಲ್ಲಿನ ಸರಕಾರದ ರೋಗ ನಿಯಂತ್ರಣ ಕೇಂದ್ರವು 2015ರಲ್ಲಿ ಇದಕ್ಕೆಂದೇ ಒಂದು ಕೈಪಿಡಿ ಹೊರತಂದಿತು. ನಮ್ಮವರಿಗೆ ಸಂಜೆಯೇ ಅನುಕೂಲ, ಏಕೆಂದರೆ ಕಾರು ನಡೆಸುವ ಮಗನೋ ಸೊಸೆಯೋ ಕೆಲಸದಿಂದ ಬರಬೇಕು. ಬೇಗ ಉಂಡು ಹೊರಟರೆ ಇನ್ನೂ ಮೇಲು. ಊಟದ ನಂತರದ ನಡಿಗೆ ರಕ್ತದ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ.

ಅಪಾಯವಿರುವುದು ಮಾಲಿನೊಳಗಲ್ಲ, ಕಾರಿನಿಂದ ಬಾಗಿಲಿನವರೆಗಿನ ನೂರಿನ್ನೂರು ಹೆಜ್ಜೆಗಳಲ್ಲಿ. ರಸ್ತೆಯ ಬಣ್ಣವನ್ನೇ ತಳೆದ ತೆಳುವಾದ ಹಿಮಗಡ್ಡೆ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಆಸ್ಪತ್ರೆಯ ವೆಚ್ಚ ಮನೆ ಮಾರಿಸುವಷ್ಟು. ವಿಮೆಯಿಲ್ಲದೆ ವಿಮಾನ ಹತ್ತಲೇಬಾರದು. ಆದ್ದರಿಂದ ಹಿರಿಯರನ್ನು ಬಾಗಿಲಿನಲ್ಲಿಯೇ ಇಳಿಸಿ ಆಮೇಲೆ ಕಾರು ನಿಲ್ಲಿಸಬೇಕು. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಹೃದ್ರೋಗಿಗಳು ಹೊರಗೆ ಅವಸರದಿಂದ ನಡೆಯಬಾರದು. ಪಾದಗಳ ಸ್ಪರ್ಶಜ್ಞಾನ ಕುಂದಿದ ಮಧುಮೇಹಿಗೆ ಶೀತದ ಕಡಿತವೂ ತಿಳಿಯದು, ಹೊಸ ಬೂಟು ಮಾಡಿದ ಗಾಯವೂ ತಿಳಿಯದು. ರಾತ್ರಿ ಕಾಲುಚೀಲ ಕಳಚಿ ಪಾದಗಳನ್ನು ನೋಡಿಕೊಳ್ಳಬೇಕು. ಅಲ್ಲಿನ ಯುವಕರು ಕೋಟನ್ನು ಕಾರಿನಲ್ಲಿಯೇ ಬಿಟ್ಟು ಬಾಗಿಲಿಗೆ ಓಡುವುದುಂಟು. ಅದು ಅವರಿಗೇ ಇರಲಿ. ಹಿರಿಯರು ಕೋಟನ್ನು ಧರಿಸಿಯೇ ಹೋಗಿ, ಒಳಗೆ ಕಳಚಿ ಕೈಯಲ್ಲಿಟ್ಟುಕೊಂಡು ನಡೆಯಲಿ. ಬೆವರಿದ ಮೈಯಲ್ಲಿ ಚಳಿಗೆ ಹೊರಡುವುದು ತಪ್ಪುತ್ತದೆ.

ಇನ್ನೊಂದು ಅಡ್ಡಿ ಸಂಕೋಚದ್ದು. ಏನನ್ನೂ ಕೊಳ್ಳದೆ ಇಷ್ಟು ಹೊತ್ತು ತಿರುಗಿದರೆ ಕಾವಲಿನವನು ಏನೆಂದುಕೊಂಡಾನೋ ಎಂದು ನಮ್ಮ ಹಿರಿಯರು ಅಳುಕುತ್ತಾರೆ. ಅವನು ಇಂತಹವರನ್ನು ದಿನವೂ ಕಾಣುತ್ತಾನೆ. ಮೊದಲ ಎರಡು ಸಲ ಮಕ್ಕಳು ಜೊತೆಯಲ್ಲಿ ಸುತ್ತಿ ದಾರಿ ಪರಿಚಯಿಸಲಿ. ಆಮೇಲೆ ಅಪ್ಪ ಅಮ್ಮ ತಮ್ಮ ಪಾಡಿಗೆ ನಡೆಯಲಿ. ಮರಳಿ ಕೂಡುವ ಜಾಗವೊಂದು ಗೊತ್ತಾಗಿರಲಿ. ಮನೆಯ ವಿಳಾಸ, ಮಗನ ಫೋನ್ ಸಂಖ್ಯೆ, ಸೇವಿಸುವ ಔಷಧಗಳ ಹೆಸರು ಬರೆದ ಚೀಟಿಯೊಂದು ಕಿಸೆಯಲ್ಲಿರಲಿ, ಜೊತೆಗೆ ಒಂದು ತುಂಡು ಬೆಲ್ಲ.